ಮೂರು ಬಣ್ಣಗಳ ಲೆಕ್ಕ: ವರ್ಣ ಛಾಯಾಗ್ರಹಣ ನಡೆದು ಬಂದ ದಾರಿ



ಈ ವರ್ಷದ ದತ್ತಿ ಉಪನ್ಯಾಸಕ್ಕೆ ನನ್ನನ್ನು ಕರೆದಿದ್ದೀರಿ, ವಿಷಯದ ಆಯ್ಕೆಯನ್ನೂ ನನಗೇ ಬಿಟ್ಟಿದ್ದೀರಿ. ಎರಡಕ್ಕೂ ನಾನು ಕೃತಜ್ಞ. ವರ್ಣ ಛಾಯಾಗ್ರಹಣ ಹುಟ್ಟಿ ಹರಡಿದ ಚರಿತ್ರೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ. ಕಳೆದ ನಲವತ್ತು ಐವತ್ತು ವರ್ಷಗಳಲ್ಲಿ ನಮ್ಮ ಮನೆಗಳಲ್ಲಿ ಸೇರಿರುವ ಚಿತ್ರಗಳಲ್ಲಿ ಹೆಚ್ಚಿನವು ಬಣ್ಣದವು. ಆ ಬಣ್ಣ ಎಲ್ಲಿಂದ ಬಂತು, ಅದರ ಹದವನ್ನು ಯಾರು ನಿರ್ಧರಿಸಿದರು, ಅದು ಎಷ್ಟು ಕಾಲ ಉಳಿದೀತು ಎಂದು ನಾವು ಕೇಳಿಕೊಂಡದ್ದು ಕಡಿಮೆ.

ಈ ಉಪನ್ಯಾಸದುದ್ದಕ್ಕೂ ನಾನು ಹಿಡಿದು ನಡೆಯುವ ಎಳೆ ಒಂದೇ. ಕ್ಯಾಮೆರಾ ಬಣ್ಣವನ್ನು ನೇರವಾಗಿ ಎತ್ತಿಕೊಳ್ಳುವುದಿಲ್ಲ. ಬೆಳಕನ್ನು ಮೂರು ಪಾಲು ಮಾಡಿ, ಒಂದೊಂದು ಪಾಲಿನ ಲೆಕ್ಕವನ್ನೂ ಬೇರೆಯಾಗಿ ಬರೆದಿಟ್ಟು, ಆಮೇಲೆ ಕೂಡಿಸಿ ಬಣ್ಣವನ್ನು ಕಟ್ಟುತ್ತದೆ. ಕೂಡಿಸುವ ಆ ಹಂತದಲ್ಲಿ ಯಾರದೋ ತೀರ್ಮಾನ ಇದ್ದೇ ಇರುತ್ತದೆ. ಮೊದಲು ಈ ಮೂರರ ತತ್ವ ಹೇಗೆ ದೊರಕಿತೆಂದು ನೋಡೋಣ. ಬಳಿಕ ಗಾಜಿನ ತಟ್ಟೆಗಳ ಕಾಲ, ಅದರ ನಂತರ ಫಿಲಂ ರೀಲಿನ ಕಾಲ ಮತ್ತು ಬಣ್ಣದ ಚಿತ್ರ ಮನೆಮನೆಗೆ ತಲುಪಿದ ಬಗೆ, ಕೊನೆಗೆ ಈ ಚಿತ್ರಗಳ ಬಾಳಿಕೆ. ಸಿನಿಮಾದ ಬಣ್ಣ ಮತ್ತು ಮುದ್ರಣದ ಬಣ್ಣ ಪ್ರತ್ಯೇಕ ಉಪನ್ಯಾಸಗಳನ್ನೇ ಬೇಡುವ ವಿಷಯಗಳು. ಅವನ್ನು ಅಗತ್ಯವಿದ್ದಷ್ಟೇ ಮುಟ್ಟುತ್ತೇನೆ.

1839ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೇರ್ ಎಂಬವನ ಛಾಯಾಗ್ರಹಣ ವಿಧಾನ ಪ್ರಕಟವಾದಾಗ ಜನ ಬೆರಗಾದರು. ಬೆರಗಿನ ಬೆನ್ನಲ್ಲೇ ಒಂದು ಕೊರತೆಯೂ ಕಾಣಿಸಿತು: ಎಲೆಯ ನರ, ಕಲ್ಲಿನ ಬಿರುಕು ಎಲ್ಲವೂ ಬಂದಿದೆ, ಬಣ್ಣವೊಂದು ಬಂದಿಲ್ಲ. ಮುಂದಿನ ಕೆಲವೇ ವರ್ಷಗಳಲ್ಲಿ ಸ್ಟುಡಿಯೊಗಳು ಸಣ್ಣ ಕುಂಚ ಹಿಡಿದು ಕೆನ್ನೆಗೆ ಕೆಂಪು, ಸರಕ್ಕೆ ಹೊಂಬಣ್ಣ ಹಚ್ಚತೊಡಗಿದವು. ಯುರೋಪಿನವರು ಹಚ್ಚುತ್ತಿದ್ದುದು ತೆಳು ಬಣ್ಣ. ನಮ್ಮ ದೇಶದ ಚಿತ್ರಕಾರರು ದಪ್ಪ ಬಣ್ಣವನ್ನೇ ಬಳಿದರು. ಎಷ್ಟೋ ರಾಜಮನೆತನದ ಭಾವಚಿತ್ರಗಳಲ್ಲಿ ಮುಖವೊಂದನ್ನು ಬಿಟ್ಟರೆ ಅಡಿಯ ಫೋಟೋ ಕಾಣಿಸುವುದೇ ಇಲ್ಲ. ಮೈಸೂರು ಅರಮನೆಯ ಕಲ್ಯಾಣ ಮಂಟಪದ ಗೋಡೆಗಳನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ದಸರಾ ಮೆರವಣಿಗೆಯ ಆ 26 ಚಿತ್ರಗಳನ್ನು ನಮ್ಮ ಕಲಾವಿದರು ಬರೆದದ್ದು ಛಾಯಾಚಿತ್ರಗಳನ್ನು ಆಧಾರವಾಗಿಟ್ಟುಕೊಂಡು. ಜನರ ಮುಖಚಹರೆ, ಆನೆ, ಕುದುರೆ, ಸಾಲುಗಳ ಕ್ರಮ ಇವೆಲ್ಲಕ್ಕೂ ಕ್ಯಾಮೆರಾ ಆಸರೆಯಾಯಿತು. ಬಣ್ಣವನ್ನು ಕೊಟ್ಟದ್ದು ಮಾತ್ರ ಕಲಾವಿದನ ಕಣ್ಣು ಮತ್ತು ನೆನಪು. ಬಣ್ಣದ ಕೊರತೆಯನ್ನು ಒಂದು ನಾಡು ಇಷ್ಟು ಸಮೃದ್ಧವಾಗಿ ತುಂಬಿಕೊಂಡ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ.

ಬೆಳಕಿನಿಂದಲೇ ಬಣ್ಣ ಮೂಡಿಸುವ ಯತ್ನವೂ ಜೊತೆಗೇ ನಡೆದಿತ್ತು. 1848ರಲ್ಲಿ ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ ಬೆಳ್ಳಿಯ ತಗಡಿನ ಮೇಲೆ ಸೂರ್ಯನ ಬೆಳಕಿನ ವರ್ಣಪಟಲವನ್ನು ಅದರ ಬಣ್ಣಗಳಲ್ಲೇ ಮೂಡಿಸಿದ. ಆದರೆ ಅದನ್ನು ಸ್ಥಿರಗೊಳಿಸುವ ಉಪಾಯ ಅವನಿಗೆ ಸಿಗಲಿಲ್ಲ. ಕತ್ತಲಲ್ಲಿಟ್ಟರೆ ಉಳಿಯುತ್ತಿತ್ತು, ನೋಡಲೆಂದು ಬೆಳಕಿಗೆ ತಂದರೆ ಅಳಿಯುತ್ತಿತ್ತು. ನೇರವಾಗಿ ಬಣ್ಣ ಹಿಡಿಯುವ ಆ ದಾರಿ ಮುಂದೆ ಒಮ್ಮೆ ಮಾತ್ರ ಫಲಿಸಿತು. ಗೇಬ್ರಿಯಲ್ ಲಿಪ್‌ಮನ್ 1891ರಲ್ಲಿ ಬೆಳಕಿನ ಅಲೆಗಳ ವ್ಯತಿಕರಣವನ್ನೇ ತಟ್ಟೆಯಲ್ಲಿ ದಾಖಲಿಸಿ ತೋರಿಸಿದ, 1908ರ ಭೌತಶಾಸ್ತ್ರದ ನೊಬೆಲ್ ಬಹುಮಾನವನ್ನೂ ಪಡೆದ. ಅದು ಮಹತ್ವದ ವಿಜ್ಞಾನವೇ ಹೌದು. ಆದರೆ ದಿನಬಳಕೆಗೆ ಒಗ್ಗಲಿಲ್ಲ.

ಬಳಕೆಗೆ ಒಗ್ಗಿದ ದಾರಿ ಕಣ್ಣಿನ ಅಧ್ಯಯನದಿಂದ ಬಂತು. ನಮ್ಮ ಕಣ್ಣು ಮೂರು ಬಗೆಯ ಸಂವೇದನೆಗಳಿಂದಲೇ ಎಲ್ಲ ಬಣ್ಣಗಳನ್ನೂ ಅರಿಯುತ್ತದೆಂದು ಥಾಮಸ್ ಯಂಗ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಊಹಿಸಿದ್ದ. ಹಾಗಾದರೆ ಛಾಯಾಚಿತ್ರಕ್ಕೂ ಮೂರೇ ದಾಖಲೆ ಸಾಕಲ್ಲವೆ ಎಂದು ಕೇಳಿದವನು ಸ್ಕಾಟ್ಲೆಂಡಿನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. 1861ರ ಮೇ 17ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಶನ್ನಿನಲ್ಲಿ ಅವನು ಉಪನ್ಯಾಸ ಕೊಟ್ಟ. ಥಾಮಸ್ ಸಟನ್ ಎಂಬ ಛಾಯಾಗ್ರಾಹಕ ಚೌಕಳಿ ರಿಬ್ಬನ್ನೊಂದನ್ನು ಕೆಂಪು, ಹಸಿರು, ನೀಲಿ ದ್ರಾವಣಗಳ ಮೂಲಕ ಬೇರೆಬೇರೆಯಾಗಿ ಚಿತ್ರ ತೆಗೆದುಕೊಟ್ಟಿದ್ದ. ಮೂರೂ ಕಪ್ಪು-ಬಿಳುಪು ಚಿತ್ರಗಳೇ. ಅವನ್ನು ಮೂರು ದೀಪಗಳಿಂದ, ಅದೇ ಮೂರು ಬಣ್ಣಗಳ ಮೂಲಕ, ಒಂದೇ ಪರದೆಯ ಮೇಲೆ ಒಂದರ ಮೇಲೊಂದು ಬೀಳಿಸಿದಾಗ ರಿಬ್ಬನ್ನಿನ ಬಣ್ಣಗಳು ಮೂಡಿದವು.

ಈ ಪ್ರಯೋಗದಲ್ಲಿ ಒಂದು ಒಗಟು ಉಳಿದಿತ್ತು, ಅದರ ಬಳಿ ತುಸು ನಿಲ್ಲಬೇಕು. ಸಟನ್ ಬಳಸಿದ ತಟ್ಟೆಗಳಿಗೆ ನೀಲಿ ಕಾಣುತ್ತಿತ್ತು, ಹಸಿರು ಕಷ್ಟದಲ್ಲಿ ಕಾಣುತ್ತಿತ್ತು, ಕೆಂಪು ಕಾಣುತ್ತಲೇ ಇರಲಿಲ್ಲ. ಹಾಗಿದ್ದರೆ ಕೆಂಪಿನ ದಾಖಲೆ ಹೇಗೆ ಬಂತು? ನೂರು ವರ್ಷ ಕಳೆದ ಮೇಲೆ, 1961ರಲ್ಲಿ, ಕೊಡಕ್ ಕಂಪನಿಯ ಸಂಶೋಧಕ ರಾಲ್ಫ್ ಇವಾನ್ಸ್ ಮತ್ತು ಅವರ ಸಂಗಡಿಗರು ಅದೇ ಪ್ರಯೋಗವನ್ನು ಮತ್ತೆ ಮಾಡಿ ಉತ್ತರ ಕಂಡುಕೊಂಡರು. ಬಟ್ಟೆಯ ಕೆಂಪು ಬಣ್ಣಗಳು ಕೆಂಪಿನ ಜೊತೆಗೆ ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನೂ ಚಿಮ್ಮಿಸುತ್ತವೆ. ಕೆಂಪು ದ್ರಾವಣ ಆ ಕಿರಣಗಳನ್ನು ಒಳಗೆ ಬಿಡುತ್ತಿತ್ತು, ತಟ್ಟೆ ಅವನ್ನು ದಾಖಲಿಸಿತ್ತು. ಅಂದು ಪರದೆಯ ಮೇಲೆ ಕಂಡ ಕೆಂಪು, ಕೆಂಪು ಬೆಳಕಿನಿಂದ ಬಂದದ್ದೇ ಅಲ್ಲ! ಹಾಗೆಂದು ಮ್ಯಾಕ್ಸ್‌ವೆಲ್‌ನ ತತ್ವಕ್ಕೆ ಕುಂದಿಲ್ಲ. ಮೂರು ಲೆಕ್ಕಗಳು ಎಲ್ಲಿಂದಲೇ ಬಂದಿರಲಿ, ಕೂಡಿಸಿದಾಗ ಕಣ್ಣು ಒಪ್ಪಿದರೆ ಬಣ್ಣ ಸಿದ್ಧ. ಇವಾನ್ಸ್ ಅವರ ಹೆಸರನ್ನು ನೆನಪಿಟ್ಟುಕೊಳ್ಳಿ. ನಮ್ಮ ಮದುವೆಯ ಆಲ್ಬಮ್ಮುಗಳ ಪ್ರಸ್ತಾಪ ಬಂದಾಗ ಅವರು ಮತ್ತೆ ಬರುತ್ತಾರೆ.

ತಟ್ಟೆಗಳಿಗೆ ಹಸಿರು, ಕೆಂಪುಗಳನ್ನು ಕಾಣುವ ಶಕ್ತಿ ಕೊಟ್ಟವರು ರಸಾಯನಶಾಸ್ತ್ರಜ್ಞರು. 1873ರಲ್ಲಿ ಬರ್ಲಿನ್ನಿನ ಹರ್ಮನ್ ಫೋಗೆಲ್, ತಟ್ಟೆಯ ಲೇಪಕ್ಕೆ ಕೆಲವು ಬಣ್ಣದ್ರವ್ಯಗಳನ್ನು ಬೆರೆಸಿದರೆ ಅದುವರೆಗೆ ಕಾಣದಿದ್ದ ಬೆಳಕೂ ಅದಕ್ಕೆ ಕಾಣುತ್ತದೆಂದು ಕಂಡುಹಿಡಿದ. ಅದಕ್ಕೂ ಮೊದಲೇ ಫ್ರಾನ್ಸಿನಲ್ಲಿ ಒಂದು ಅಪೂರ್ವ ಕಾಕತಾಳೀಯ ನಡೆದಿತ್ತು. ಲೂಯಿ ಡ್ಯೂಕೊ ದ್ಯು ಓರೋನ್ ಮತ್ತು ಶಾರ್ಲ್ ಕ್ರೊ ಎಂಬಿಬ್ಬರು, ಪರಸ್ಪರ ಪರಿಚಯವಿಲ್ಲದೆ, ಮೂರು ಬಣ್ಣಗಳ ಛಾಯಾಚಿತ್ರದ ಯೋಜನೆಗಳನ್ನು ರೂಪಿಸಿದ್ದರು. 1869ರ ಮೇ 7ರಂದು ಫ್ರಾನ್ಸಿನ ಛಾಯಾಗ್ರಹಣ ಸಂಘದ ಒಂದೇ ಸಭೆಯ ಮುಂದೆ ಇಬ್ಬರ ಬರಹಗಳೂ ಬಂದವು. ಕ್ರೊ ಕವಿಯೂ ಹೌದು, ಮಾತನ್ನು ಹಿಡಿದಿಡುವ ಯಂತ್ರದ ಕಲ್ಪನೆಯನ್ನು ಎಡಿಸನ್ನನ ಕಾಲದಲ್ಲೇ ಕಾಗದಕ್ಕಿಳಿಸಿದವನೂ ಹೌದು. ಓರೋನ್ ತನ್ನ ಕಲ್ಪನೆಯನ್ನು ಕೈಯಾರೆ ಮಾಡಿ ತೋರಿಸಿದ. ಅವನ ಊರಾದ ಆಜಾಂನ ಚರ್ಚು, ಮನೆಗಳ ಮಾಡು, ಮರಗಳನ್ನು 1877ರ ಅವನ ಬಣ್ಣದ ಚಿತ್ರದಲ್ಲಿ ಇಂದಿಗೂ ನೋಡಬಹುದು. ಬಣ್ಣದ ಬೆಳಕುಗಳನ್ನು ಕೂಡಿಸುವ ಬದಲು, ಬಿಳಿ ಕಾಗದದ ಮೇಲೆ ಮೂರು ಬಣ್ಣದ ಪದರಗಳನ್ನಿಟ್ಟು ಬೆಳಕನ್ನು ಕಳೆಯುವ ವಿಧಾನ ಅವನದು. ಇಂದಿನ ಬಣ್ಣದ ಮುದ್ರಣಕ್ಕೂ ನಾವು ಕಂಡ ಫಿಲಂ ರೀಲಿಗೂ ಮೂಲ ಅದೇ.

ತತ್ವದ ಮಾತು ಇಲ್ಲಿಗೆ ಸಾಕು. ಈಗ ಎರಡನೆಯ ಭಾಗ, ಗಾಜಿನ ತಟ್ಟೆಗಳ ಕಾಲ. ನನಗೆ ಅತ್ಯಂತ ಪ್ರಿಯವಾದ ಭಾಗವಾದ್ದರಿಂದ ಇಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಸಿನಿಮಾದ ಹುಟ್ಟಿನೊಂದಿಗೆ ಲ್ಯುಮಿಯೇರ್ ಸೋದರರ ಹೆಸರನ್ನು ನಾವೆಲ್ಲ ಕೇಳಿದ್ದೇವೆ. ಬಣ್ಣದ ಛಾಯಾಚಿತ್ರಕ್ಕಾಗಿ ಅವರು ಪಟ್ಟ ಶ್ರಮ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಲಿಯೋನ್ ನಗರದ ತಮ್ಮ ಕಾರ್ಖಾನೆಯಲ್ಲಿ ಅವರು ಸಿದ್ಧಪಡಿಸಿದ ತಟ್ಟೆಗೆ ಆಟೋಕ್ರೋಮ್ ಎಂದು ಹೆಸರು. 1903ರಲ್ಲಿ ಅದರ ಹಕ್ಕುಪತ್ರಕ್ಕೆ ಅರ್ಜಿ ಹಾಕಿದರು, 1907ರಲ್ಲಿ ತಟ್ಟೆ ಮಾರುಕಟ್ಟೆಗೆ ಬಂತು. ಅದರ ಮುಖ್ಯ ಸಾಮಗ್ರಿ ಆಲೂಗಡ್ಡೆಯ ಪಿಷ್ಟ. ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಪಾಲಿನಷ್ಟು ದಪ್ಪದ ಪಿಷ್ಟದ ಕಣಗಳನ್ನು ಜರಡಿ ಹಿಡಿದು ಆರಿಸಿ, ಮೂರು ರಾಶಿ ಮಾಡಿ, ಕಿತ್ತಳೆಗೆಂಪು, ಹಸಿರು, ನೇರಳೆನೀಲಿ ಬಣ್ಣಗಳಲ್ಲಿ ಅದ್ದುತ್ತಿದ್ದರು. ಆಮೇಲೆ ಮೂರನ್ನೂ ಬೆರೆಸಿ ಅಂಟು ಸವರಿದ ಗಾಜಿನ ಮೇಲೆ ಒಂದೇ ಪದರವಾಗಿ ಹರಡಿ, ಸಂದುಗಳಿಗೆ ಇದ್ದಿಲ ಪುಡಿ ತುಂಬಿ, ಭಾರಿ ಒತ್ತಡದಿಂದ ಚಪ್ಪಟೆ ಮಾಡಿ, ಮೇಲೆ ಬೆಳಕಿಗೆ ಸ್ಪಂದಿಸುವ ಲೇಪ ಹಚ್ಚುತ್ತಿದ್ದರು. ಒಂದು ಚದರ ಇಂಚಿನಲ್ಲಿ ಲಕ್ಷಗಟ್ಟಲೆ ಕಣಗಳು. ಮಸೂರದಿಂದ ಬಂದ ಬೆಳಕು ಈ ಕಣಗಳ ಮೂಲಕವೇ ಸೋಸಿ ಲೇಪವನ್ನು ಮುಟ್ಟುತ್ತಿತ್ತು. ತೊಳೆದ ತಟ್ಟೆಯನ್ನು ಬೆಳಕಿಗೆ ಹಿಡಿದಾಗ ಅವೇ ಕಣಗಳು ಬಣ್ಣವನ್ನು ಕಣ್ಣಿಗೆ ಮುಟ್ಟಿಸುತ್ತಿದ್ದವು. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇರುವ ರೇಷ್ಮೆ ಸೀರೆ ದೂರಕ್ಕೆ ಮೂರನೆಯದೇ ಬಣ್ಣವಾಗಿ ಹೊಳೆಯುತ್ತದಲ್ಲ, ಹಾಗೆ.

ಆಟೋಕ್ರೋಮಿಗೆ ಮಿತಿಗಳು ಬಹಳ. ಒಳ್ಳೆಯ ಬಿಸಿಲಿನಲ್ಲೂ ಸೆಕೆಂಡುಗಟ್ಟಲೆ ಬೆಳಕು ಬೇಕಿತ್ತು, ಓಡುವ ಕುದುರೆ, ಆಡುವ ಮಗು ಅದಕ್ಕೆ ದಕ್ಕುತ್ತಿರಲಿಲ್ಲ. ಒಂದು ತಟ್ಟೆಯೆಂದರೆ ಒಂದೇ ಚಿತ್ರ, ಕಾಗದದ ಪ್ರತಿಗಳಿಲ್ಲ. ಹೀಗಿದ್ದೂ ಅದನ್ನು ನಂಬಿ ಒಬ್ಬ ಮನುಷ್ಯ ತನ್ನ ಸಂಪತ್ತನ್ನು ಸುರಿದ. ಪ್ಯಾರಿಸ್ಸಿನ ಬ್ಯಾಂಕರ್ ಆಲ್ಬರ್ಟ್ ಕಾನ್ 1909ರಿಂದ 1931ರವರೆಗೆ ‘ಭೂಗ್ರಹದ ದಫ್ತರ’ ಎನ್ನಬಹುದಾದ ಯೋಜನೆಯನ್ನು ನಡೆಸಿದ. ಭೂಗೋಳಶಾಸ್ತ್ರಜ್ಞ ಜಾನ್ ಬ್ರ್ಯೂನ್ ಅದರ ನಿರ್ದೇಶಕ. ಸುಮಾರು ಐವತ್ತು ದೇಶಗಳಿಗೆ ಛಾಯಾಗ್ರಾಹಕರನ್ನು ಕಳುಹಿಸಿ ಕೂಡಿಸಿದ ಆಟೋಕ್ರೋಮ್ ತಟ್ಟೆಗಳು 72,000. ಜನರು ಒಬ್ಬರನ್ನೊಬ್ಬರು ನೋಡಿ ಅರಿತರೆ ಯುದ್ಧಗಳು ತಪ್ಪಬಹುದೆಂಬ ನಂಬಿಕೆ ಅವನದು. ಯೋಜನೆ ಶುರುವಾಗಿ ಐದೇ ವರ್ಷಕ್ಕೆ ಮೊದಲ ಮಹಾಯುದ್ಧ ಬಂತು. ಅವನ ಕ್ಯಾಮೆರಾಗಳು ಆ ಯುದ್ಧದ ಕಂದಕಗಳನ್ನೂ ಬಣ್ಣದಲ್ಲಿ ದಾಖಲಿಸಿದವು. 1913ರಲ್ಲಿ ಇಬ್ಬರು ಫ್ರೆಂಚ್ ಮಹಿಳೆಯರು, ಮಾರ್ಗರೀತ್ ಮೆಸ್ಪುಲೆ ಮತ್ತು ಮಾದ್ಲೆನ್ ಮಿನ್ಯೋ, ಐರ್ಲೆಂಡಿನ ಪಶ್ಚಿಮ ತೀರದ ಬೆಸ್ತರ ಕೇರಿಗೆ ಹೋಗಿ ಕೆಂಬಣ್ಣದ ಉಡುಪಿನ ಹುಡುಗಿಯರನ್ನು, ಹುಲ್ಲುಮಾಡಿನ ಮನೆಗಳನ್ನು ಚಿತ್ರಿಸಿ ತಂದರು. ಅದೇ ಸುಮಾರಿಗೆ ಸ್ಟೆಫಾನ್ ಪಾಸೆ ಎಂಬ ಛಾಯಾಗ್ರಾಹಕ ಭಾರತಕ್ಕೂ ಬಂದ. 1929ರ ಆರ್ಥಿಕ ಕುಸಿತದಲ್ಲಿ ಕಾನ್ ಎಲ್ಲವನ್ನೂ ಕಳೆದುಕೊಂಡ, 1940ರಲ್ಲಿ ತೀರಿಕೊಂಡ. ತಟ್ಟೆಗಳು ಮಾತ್ರ ಪ್ಯಾರಿಸ್ ಹೊರವಲಯದ ಅವನದೇ ತೋಟದ ಮಗ್ಗುಲಿನ ಮ್ಯೂಸಿಯಮ್ಮಿನಲ್ಲಿ ಕ್ಷೇಮವಾಗಿವೆ.

ಇದೇ ಕಾಲದಲ್ಲಿ ರಷ್ಯದಲ್ಲಿ ಸೆರ್ಗೈ ಪ್ರೊಕುಡಿನ್-ಗೋರ್ಸ್ಕಿ ಬೇರೆ ದಾರಿ ಹಿಡಿದಿದ್ದ. ಅವನು ರಸಾಯನಶಾಸ್ತ್ರ ಬಲ್ಲವನು, ಜರ್ಮನಿಯ ಆಡೋಲ್ಫ್ ಮೀಟೆಯ ಬಳಿ ಕಲಿತವನು. ಮ್ಯಾಕ್ಸ್‌ವೆಲ್‌ನ ವಿಧಾನವನ್ನೇ ಅವನು ಅನುಸರಿಸಿದ: ಒಂದು ಉದ್ದನೆಯ ಗಾಜಿನ ತಟ್ಟೆ, ಅದರಲ್ಲಿ ಒಂದರ ಕೆಳಗೊಂದು ಮೂರು ಚೌಕ, ನೀಲಿ, ಹಸಿರು, ಕೆಂಪು ಫಿಲ್ಟರುಗಳ ಮೂಲಕ ಬೇಗಬೇಗ ತೆಗೆದ ಮೂರು ಚಿತ್ರ. 1908ರಲ್ಲಿ ಅವನು ತೆಗೆದ ಟಾಲ್‌ಸ್ಟಾಯ್ ಅವರ ಬಣ್ಣದ ಭಾವಚಿತ್ರ ಮನೆಮಾತಾಯಿತು. ಮರುವರ್ಷ ಚಕ್ರವರ್ತಿ ಎರಡನೆಯ ನಿಕೊಲಾಸ್ ಅವನಿಗೆ ಸಾಮ್ರಾಜ್ಯವನ್ನು ಚಿತ್ರಿಸುವ ಅಪ್ಪಣೆಯನ್ನೂ ಡಾರ್ಕ್‌ರೂಮ್ ಇರುವ ರೈಲು ಡಬ್ಬಿಯನ್ನೂ ಕೊಟ್ಟ. ಉರಾಲ್ ಬೆಟ್ಟಗಳಿಂದ ಸಮರಕಂದದವರೆಗೆ ಅವನು ಸುತ್ತಿದ. ಬುಖಾರಾದ ಅಮೀರ ನೀಲಿ ರೇಷ್ಮೆಯ ನಿಲುವಂಗಿ ತೊಟ್ಟು ಕುಳಿತ ಚಿತ್ರವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ನದಿಯ ಚಿತ್ರಗಳಲ್ಲಿ ಒಂದು ವಿಶೇಷವಿದೆ. ಮೂರು ಬಾರಿ ತೆಗೆಯುವಷ್ಟರಲ್ಲಿ ನೀರು ಹರಿದಿರುತ್ತದೆ, ಆದ್ದರಿಂದ ಅಲೆಗಳ ಅಂಚಿನಲ್ಲಿ ಕೆಂಪು, ಹಸಿರು, ನೀಲಿ ಗೆರೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ಹೊಲಿಗೆ ಕಾಣುವ ಆ ಜಾಗಗಳಲ್ಲೇ ಬಣ್ಣವನ್ನು ಹೇಗೆ ಕಟ್ಟಿದ್ದಾರೆಂಬುದು ತಿಳಿಯುತ್ತದೆ. ಕ್ರಾಂತಿಯ ನಂತರ ಅವನು ದೇಶ ಬಿಟ್ಟ, 1944ರಲ್ಲಿ ಪ್ಯಾರಿಸ್ಸಿನಲ್ಲಿ ನಿಧನನಾದ. 1948ರಲ್ಲಿ ಅವನ ತಟ್ಟೆಗಳನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕೊಂಡಿತು. ಕಂಪ್ಯೂಟರು ಬಂದ ಮೇಲೆ ಆ ಮೂರು ಮೂರು ಕಪ್ಪು-ಬಿಳುಪು ಚಿತ್ರಗಳನ್ನು ಕೂಡಿಸಿದಾಗ, ನೂರು ವರ್ಷದ ಹಿಂದಿನ ರಷ್ಯ ನಿನ್ನೆ ತೆಗೆದ ಚಿತ್ರದಂತೆ ಎದ್ದು ಬಂತು. ಈ ಸಂಗತಿ ಮುಂದಿನ ಮಾತಿಗೆ ಬೇಕಾಗುತ್ತದೆ.

ಇನ್ನು ಮೂರನೆಯ ಭಾಗ. ಮೂರು ಚಿತ್ರ ತೆಗೆಯುವ, ಗಾಜು ಹೊರುವ ಕಷ್ಟವನ್ನು ನಿವಾರಿಸಿದ್ದು ಫಿಲಂ ರೀಲು. ಒಂದೇ ಪಟ್ಟಿಯ ಮೇಲೆ ಮೂರು ಪದರ, ಒಂದೊಂದು ಪದರಕ್ಕೆ ಒಂದೊಂದು ಬಣ್ಣದ ಬೆಳಕು. ಇದನ್ನು ಸಾಧಿಸಿದವರಲ್ಲಿ ಇಬ್ಬರು ಸಂಗೀತಗಾರರು ಎನ್ನುವುದು ಸಂತೋಷದ ವಿಷಯ. ಲಿಯೊಪೋಲ್ಡ್ ಮ್ಯಾನೆಸ್ ಪಿಯಾನೊ ವಾದಕ, ಲಿಯೊಪೋಲ್ಡ್ ಗೊಡೌಸ್ಕಿ ಪಿಟೀಲು ವಾದಕ. ಶಾಲಾ ದಿನಗಳಿಂದಲೇ ಗೆಳೆಯರಾಗಿದ್ದ ಇವರು ಬಣ್ಣದ ಸಿನಿಮಾವೊಂದನ್ನು ನೋಡಿ, ಅದರ ಬಣ್ಣ ಮೆಚ್ಚದೆ, ತಾವೇ ಪ್ರಯೋಗಕ್ಕಿಳಿದರು. ಕತ್ತಲೆಕೋಣೆಯಲ್ಲಿ ಗಡಿಯಾರ ಕಾಣದಿರುವಾಗ ಬ್ರಾಮ್ಸ್‌ನ ಸಂಗೀತವನ್ನು ಲಯ ತಪ್ಪದೆ ಸಿಳ್ಳೆಯಲ್ಲಿ ನುಡಿಸಿ ಸೆಕೆಂಡು ಎಣಿಸುತ್ತಿದ್ದರಂತೆ. 1930ರಲ್ಲಿ ಕೊಡಕ್ ಅವರನ್ನು ಸೇರಿಸಿಕೊಂಡಿತು, 1935ರಲ್ಲಿ ಕೊಡಾಕ್ರೋಮ್ ಹೊರಬಂತು. ಮರುವರ್ಷವೇ ಜರ್ಮನಿಯ ಆಗ್ಫಾ ತನ್ನ ಬಣ್ಣದ ಫಿಲಂ ಬಿಡುಗಡೆ ಮಾಡಿತು.

ಇವೆರಡರ ನಡುವಿನ ವ್ಯತ್ಯಾಸ ಚರಿತ್ರೆಯ ದಿಕ್ಕನ್ನೇ ನಿರ್ಧರಿಸಿತು. ಬೆಳಕು ಬಿದ್ದ ಜಾಗದಲ್ಲಿ ಬೆಳ್ಳಿ ಕಪ್ಪಾಗುವಾಗ ತೊಳೆಯುವ ದ್ರಾವಣದಲ್ಲಿ ಒಂದು ರಾಸಾಯನಿಕ ಬದಲಾವಣೆ ಆಗುತ್ತದೆ. ಆ ಕ್ಷಣದಲ್ಲಿ ತಕ್ಕ ಇನ್ನೊಂದು ದ್ರವ್ಯ ಜೊತೆಗಿದ್ದರೆ ಅಲ್ಲೇ ಬಣ್ಣ ಹುಟ್ಟುತ್ತದೆ. ಜರ್ಮನಿಯ ರುಡಾಲ್ಫ್ ಫಿಷರ್ 1912ರ ಹೊತ್ತಿಗೇ ಇದನ್ನು ತೋರಿಸಿದ್ದ. ಕೊಡಾಕ್ರೋಮಿನಲ್ಲಿ ಆ ದ್ರವ್ಯಗಳನ್ನು ತೊಳೆಯುವಾಗ ಒಂದೊಂದಾಗಿ ಕೊಡಬೇಕಿತ್ತು. ಕೆಲಸ ಜಟಿಲ, ಕಂಪನಿಯ ದೊಡ್ಡ ಪ್ರಯೋಗಾಲಯಗಳಲ್ಲಿ ಮಾತ್ರ ಸಾಧ್ಯ. ಆಗ್ಫಾದವರು ದ್ರವ್ಯಗಳನ್ನು ಪದರಗಳ ಒಳಗೇ ಕೂರಿಸಿದರು. ಅದರಿಂದ ತೊಳೆಯುವುದು ಸುಲಭವಾಯಿತು. ಎರಡನೆಯ ಮಹಾಯುದ್ಧದ ನಂತರ ಆಗ್ಫಾದ ರಹಸ್ಯಗಳು ಗೆದ್ದ ದೇಶಗಳ ಕೈಸೇರಿದವು. ವುಲ್ಫೆನ್ ಪಟ್ಟಣದ ಕಾರ್ಖಾನೆ ಸೋವಿಯತ್ ವಲಯಕ್ಕೆ ಸೇರಿ, 1964ರಿಂದ ಅದರ ಫಿಲಂ ಆರ್ವೊ ಎಂಬ ಹೆಸರು ಪಡೆಯಿತು. ನಮ್ಮ ಹಳೆಯ ಛಾಯಾಗ್ರಾಹಕರಿಗೆ ಈ ಹೆಸರು ಚಿರಪರಿಚಿತ. ಇತ್ತ ಕೊಡಕ್ 1942ರಲ್ಲಿ ಕೊಡಾಕಲರ್ ನೆಗೆಟಿವ್ ತಂದಿತು. ಒಂದು ನೆಗೆಟಿವ್ವಿನಿಂದ ಎಷ್ಟು ಬೇಕಾದರೂ ಪ್ರಿಂಟು ಹಾಕುವ ಅನುಕೂಲ ಅಲ್ಲಿಂದ ಶುರು.

ಭಾರತದಲ್ಲಿ ಈ ಹರಡುವಿಕೆ ನಿಧಾನವಾಯಿತು. ವಿದೇಶಿ ವಿನಿಮಯದ ಕೊರತೆ, ಆಮದಿನ ಪರವಾನಗಿ, ಬಣ್ಣದ ಫಿಲಂ ತೊಳೆಯುವ ಲ್ಯಾಬುಗಳ ಅಭಾವ ಎಲ್ಲ ಸೇರಿದ್ದವು. ನಮ್ಮ ನೆರೆಯ ಊಟಿಯಲ್ಲಿ ಸರ್ಕಾರಿ ಒಡೆತನದ ಹಿಂದೂಸ್ತಾನ್ ಫೋಟೋ ಫಿಲಂಸ್ 1967ರಲ್ಲಿ ಉತ್ಪಾದನೆ ಆರಂಭಿಸಿತು. ‘ಇಂದು’ ಹೆಸರಿನ ಅದರ ಫಿಲಂ ಮುಖ್ಯವಾಗಿ ಕಪ್ಪು-ಬಿಳುಪಿನದಾಗಿತ್ತು. ಕನ್ನಡಿಗರು ಬಣ್ಣವನ್ನು ಮೊದಲು ಧಾರಾಳವಾಗಿ ಕಂಡದ್ದು ತೆರೆಯ ಮೇಲೆ: ಬಿ.ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’ 1964ರಲ್ಲಿ ಬಂದ ಮೊದಲ ಪೂರ್ಣ ವರ್ಣಚಿತ್ರ. ಅದಾದ ಮೇಲೂ ಬಹುಕಾಲ ಮನೆಯ ಗೋಡೆಗೆ ಹಾಕುವ ಫೋಟೋ ಕಪ್ಪು-ಬಿಳುಪಿನದೇ ಆಗಿರುತ್ತಿತ್ತು. ಬಣ್ಣ ಬೇಕೆಂದವರಿಗೆ ಸ್ಟುಡಿಯೊದವರೇ ಕುಂಚ ಹಿಡಿದು ಸೀರೆಗೆ, ಕುಂಕುಮಕ್ಕೆ, ಮಲ್ಲಿಗೆ ದಂಡೆಯ ನಡುವಿನ ಕನಕಾಂಬರಕ್ಕೆ ಬಣ್ಣ ಹಚ್ಚಿಕೊಡುತ್ತಿದ್ದರು. 1970ರ ದಶಕದ ಕೊನೆಯಲ್ಲಿ ಜಪಾನಿನ ನೊರಿತ್ಸು ಕಂಪನಿ ಅಂಗಡಿಯ ಮೂಲೆಯಲ್ಲಿ ನಿಲ್ಲಬಲ್ಲ ಸಣ್ಣ ಬಣ್ಣದ ಲ್ಯಾಬ್ ರೂಪಿಸಿದ ಮೇಲೆ ಚಿತ್ರ ಬದಲಾಯಿತು. ಎಂಬತ್ತರ, ತೊಂಬತ್ತರ ದಶಕಗಳಲ್ಲಿ ನಮ್ಮ ಜಿಲ್ಲಾ ಕೇಂದ್ರಗಳಲ್ಲಿ, ಆಮೇಲೆ ತಾಲ್ಲೂಕು ಪಟ್ಟಣಗಳಲ್ಲಿ ಹಳದಿ ಬೋರ್ಡು, ಹಸಿರು ಬೋರ್ಡುಗಳ ಕಲರ್ ಲ್ಯಾಬುಗಳು ತೆರೆದವು. ಬೆಳಿಗ್ಗೆ ರೀಲು ಕೊಟ್ಟರೆ ಸಂಜೆಗೆ ಪ್ರಿಂಟು ಕೈಗೆ ಬರುವ ಕಾಲ ಅದು. ಗ್ರೂಪ್ ಫೋಟೋಕ್ಕೆ ಮಾತ್ರ ಮೈ ಬಿಗಿಹಿಡಿದು ನಿಲ್ಲುತ್ತಿದ್ದ ಜನ ಅಡುಗೆಮನೆಯಲ್ಲಿ, ಜಾತ್ರೆಯಲ್ಲಿ, ಶಾಲೆಯ ಪ್ರವಾಸದಲ್ಲಿ ಚಿತ್ರವಾಗತೊಡಗಿದರು. ಸಾಮಾನ್ಯರ ಬದುಕಿಗೆ ದೊರೆತ ಈ ದಾಖಲೆಯನ್ನು ನಾನು ಯಾವುದೇ ಮಹಾ ಕಲಾಕೃತಿಗಿಂತ ಕಡಿಮೆಯೆಂದು ಭಾವಿಸುವುದಿಲ್ಲ.

ಈಗ ರಾಲ್ಫ್ ಇವಾನ್ಸ್ ಅವರನ್ನು ಮತ್ತೆ ಕರೆಯೋಣ. ಲಕ್ಷಾಂತರ ಪ್ರಿಂಟುಗಳನ್ನು ಯಂತ್ರವೇ ಹಾಕಬೇಕಾದಾಗ, ಬಣ್ಣದ ಹದ ಸರಿಯಿದೆಯೆಂದು ಅದಕ್ಕೆ ತಿಳಿಯುವುದು ಹೇಗೆ? ಇವಾನ್ಸ್ ಒಂದು ಸೂತ್ರ ಕೊಟ್ಟರು. ಸಾಮಾನ್ಯ ದೃಶ್ಯವೊಂದರ ಎಲ್ಲ ಬಣ್ಣಗಳನ್ನೂ ಕಲಸಿದರೆ ಸರಿಸುಮಾರು ಬೂದು ಬರುತ್ತದೆ, ಹಾಗಾಗಿ ಪ್ರತಿ ಪ್ರಿಂಟಿನ ಒಟ್ಟು ಮೊತ್ತವನ್ನು ಬೂದಿಗೆ ಸರಿಹೊಂದಿಸಿದರಾಯಿತು. ಹುಲ್ಲು, ಆಕಾಶ, ಮನೆ, ನಾಲ್ಕಾರು ಜನ ಇರುವ ಚಿತ್ರಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಚೌಕಟ್ಟಿನ ತುಂಬ ಕೆಂಪು ಧಾರೆ ಸೀರೆ ಉಟ್ಟ ಮದುಮಗಳಿದ್ದರೆ? ಚಿತ್ರ ತೀರಾ ಕೆಂಪಾಗಿದೆಯೆಂದು ಯಂತ್ರ ತಿಳಿದು ಕೆಂಪನ್ನು ತಗ್ಗಿಸುತ್ತದೆ. ಸೀರೆ ಮಂಕಾಗುತ್ತದೆ, ಮುಖಕ್ಕೆ ಹಸಿರು ಛಾಯೆ ಬರುತ್ತದೆ. ಅದನ್ನು ತಿದ್ದುತ್ತಿದ್ದವನು ಲ್ಯಾಬಿನ ಆಪರೇಟರು, ಗುಂಡಿ ಒತ್ತಿ ಕೆಂಪನ್ನು ಮತ್ತೆ ಏರಿಸಿ. ನಮ್ಮ ಮದುವೆಗಳ ಬಣ್ಣ ಸರಿಯಾಗಿ ಉಳಿದಿದ್ದರೆ ಅದರಲ್ಲಿ ಹೆಸರಿಲ್ಲದ ಆ ಹುಡುಗರ ಕಣ್ಣಿನ ಪಾಲು ದೊಡ್ಡದು.

ಯಂತ್ರಕ್ಕೆ ಮಾದರಿ ಯಾವುದು ಎಂಬ ಪ್ರಶ್ನೆಗೆ ಇನ್ನೊಂದು, ಹೆಚ್ಚು ನೋವಿನ ಮುಖವಿದೆ. ಕೊಡಕ್ ತನ್ನ ಲ್ಯಾಬುಗಳಿಗೆ ಹದ ನೋಡಿಕೊಳ್ಳಲು ಮಾದರಿ ಕಾರ್ಡು ಕಳುಹಿಸುತ್ತಿತ್ತು. ಅದರಲ್ಲಿ ಒಬ್ಬ ಬಿಳಿಯ ಹೆಣ್ಣುಮಗಳ ಚಿತ್ರ. ಮೊದಲ ರೂಪದರ್ಶಿಯ ಹೆಸರಿನಿಂದ ಅವಕ್ಕೆ ‘ಶರ್ಲಿ ಕಾರ್ಡು’ ಎಂದೇ ಹೆಸರಾಯಿತು. ಅವಳ ಚರ್ಮದ ಬಣ್ಣ ಸರಿ ಬಂದರೆ ಎಲ್ಲವೂ ಸರಿ. ಕಪ್ಪು ಬಣ್ಣದ ಮಗು, ಬಿಳಿ ಬಣ್ಣದ ಮಗು ಒಂದೇ ಬೆಂಚಿನಲ್ಲಿ ಕುಳಿತ ಶಾಲಾ ಚಿತ್ರದಲ್ಲಿ ಒಂದು ಮಗುವಿನ ಕಣ್ಣು, ಹಲ್ಲು ಮಾತ್ರ ಕಾಣಿಸುತ್ತಿತ್ತು. ಕೆನಡಾದ ವಿದ್ವಾಂಸೆ ಲೋರ್ನಾ ರಾತ್ ಈ ಚರಿತ್ರೆಯನ್ನು ಸಂಶೋಧಿಸಿದ್ದಾರೆ. ಕಂದು ಬಣ್ಣದ ಛಾಯೆಗಳನ್ನು ಚೆನ್ನಾಗಿ ಹಿಡಿಯುವಂತೆ ಫಿಲಂ ಸುಧಾರಿಸಲು ಕಂಪನಿಯನ್ನು ಒತ್ತಾಯಿಸಿದವರಲ್ಲಿ ಚಾಕೊಲೇಟ್ ತಯಾರಕರೂ ಮರದ ಪೀಠೋಪಕರಣ ಮಾರುವವರೂ ಮುಂದಿದ್ದರೆಂದು ಅವರು ದಾಖಲಿಸಿದ್ದಾರೆ. ಮನುಷ್ಯರ ಮುಖಗಳಿಗಾಗಿ ಆಗದ ಕೆಲಸ ಸರಕಿಗಾಗಿ ಆಯಿತು. 1970ರ ದಶಕದ ಕೊನೆಯಲ್ಲಿ ಮೊಜಾಂಬಿಕ್‌ನಲ್ಲಿ ಕೆಲಸ ಮಾಡುತ್ತಿದ್ದ ಚಿತ್ರನಿರ್ದೇಶಕ ಗೊದಾರ್, ಈ ಫಿಲಂ ಕಪ್ಪು ಜನರನ್ನು ಕಾಣಲಾರದೆಂದು ಕೊಡಕ್ ಫಿಲಂ ಬಳಸಲು ಒಪ್ಪಲಿಲ್ಲ. ನಮ್ಮ ಸ್ಟುಡಿಯೊಗಳ ಕನ್ನಡಿಯ ಮುಂದೆ ಬಾಚಣಿಗೆಯ ಜೊತೆಗೆ ಪೌಡರ್ ಡಬ್ಬಿ ಕಾಯಂ ಇರುತ್ತಿದ್ದುದನ್ನು ಈ ಬೆಳಕಿನಲ್ಲಿ ಮತ್ತೊಮ್ಮೆ ಯೋಚಿಸಬೇಕು. ಬಿಳುಪಿನ ಮೋಹ ನಮ್ಮಲ್ಲಿ ಮೊದಲೇ ಇತ್ತು, ನಿಜ. ಅದಕ್ಕೆ ಹೊಂದುವ ಫಿಲಂ ಕೂಡ ಪೆಟ್ಟಿಗೆಯಲ್ಲಿ ಬಂತು.

ಕಲೆಯ ಲೋಕದ ಬಗ್ಗೆ ಒಂದೆರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಬಹುಕಾಲ ಗಂಭೀರ ಛಾಯಾಗ್ರಾಹಕರು ಬಣ್ಣವನ್ನು ಜಾಹೀರಾತಿನವರಿಗೆ ಬಿಟ್ಟುಕೊಟ್ಟಿದ್ದರು. 1976ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ವಿಲಿಯಂ ಎಗಲ್‌ಸ್ಟನ್‌ನ ಬಣ್ಣದ ಚಿತ್ರಗಳನ್ನು ಪ್ರದರ್ಶಿಸಿದಾಗ ವಿಮರ್ಶಕರು ಕಟುವಾಗಿ ಟೀಕಿಸಿದರು. ಅದಕ್ಕೆ ಎರಡು ವರ್ಷ ಮೊದಲೇ ಜೈಪುರದ ರಘುಬೀರ್ ಸಿಂಗ್ ಗಂಗೆಯನ್ನು ಕುರಿತ ಬಣ್ಣದ ಪುಸ್ತಕ ಪ್ರಕಟಿಸಿದ್ದರು. ಭಾರತೀಯರಿಗೆ ಬಣ್ಣ ಆಯ್ಕೆಯ ವಿಷಯವಲ್ಲ, ನಮ್ಮ ಚಿಕಣಿ ಚಿತ್ರಕಲೆಯ ಪರಂಪರೆಯಿಂದಲೇ ಅದು ನೋಟದ ಭಾಗ ಎಂಬುದು ಅವರ ನಿಲುವು. 1999ರಲ್ಲಿ ತೀರಿಕೊಳ್ಳುವವರೆಗೂ ಅವರು ಬಣ್ಣವನ್ನು ಬಿಡಲಿಲ್ಲ. ಮೈಸೂರು ಅರಮನೆಯ ಆ ಕಲ್ಯಾಣ ಮಂಟಪದ ಗೋಡೆಗಳನ್ನು ಬಲ್ಲ ನಮಗೆ ಅವರ ಮಾತು ಒಪ್ಪಿಗೆಯಾಗಬೇಕು.

ಕೊನೆಯ ಭಾಗಕ್ಕೆ ಬರುತ್ತೇನೆ. ಅಜ್ಜ-ಅಜ್ಜಿಯರ ಕಪ್ಪು-ಬಿಳುಪು ಚಿತ್ರ ಇಂದಿಗೂ ಸ್ಪಷ್ಟವಾಗಿದೆ. 1980ರ ಸುಮಾರಿನ ಬಣ್ಣದ ಚಿತ್ರ ಕೆಂಪಾಗಿ, ಕಿತ್ತಳೆಯಾಗಿ ಮಸುಕಾಗಿದೆ. ಏಕೆ? ಕಪ್ಪು-ಬಿಳುಪಿನಲ್ಲಿ ಚಿತ್ರವಾಗಿ ನಿಂತಿರುವುದು ಬೆಳ್ಳಿ, ಒಂದು ಲೋಹ. ಬಣ್ಣದ ಪ್ರಿಂಟಿನಲ್ಲಿ ಬೆಳ್ಳಿಯನ್ನು ತೊಳೆದು ತೆಗೆದಿರುತ್ತಾರೆ, ಉಳಿಯುವುದು ಹಳದಿ, ಕೆನ್ನೀಲಿ, ಹಸಿರುನೀಲಿ ಎಂಬ ಮೂರು ಸಾವಯವ ವರ್ಣದ್ರವ್ಯ. ಅವು ಕತ್ತಲಲ್ಲಿಟ್ಟರೂ ನಿಧಾನವಾಗಿ ಒಡೆಯುತ್ತವೆ, ಸೆಖೆ ಮತ್ತು ತೇವ ಆ ಕೆಲಸವನ್ನು ಚುರುಕುಗೊಳಿಸುತ್ತವೆ. ಆ ಕಾಲದ ಪ್ರಿಂಟುಗಳಲ್ಲಿ ಹಸಿರುನೀಲಿ ಎಲ್ಲಕ್ಕಿಂತ ದುರ್ಬಲ. ಅದು ಮೊದಲು ಹೋದದ್ದರಿಂದ ಕೆಂಪು ಉಳಿಯಿತು. ಅಂಟುಹಾಳೆಯ ಆಲ್ಬಮ್ಮುಗಳು ಹಾನಿಯನ್ನು ಹೆಚ್ಚಿಸಿದವು. ಕರಾವಳಿಯ, ಮಲೆನಾಡಿನ ಮನೆಗಳವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸಿನಿಮಾ ಪ್ರತಿಗಳಿಗೂ ಇದೇ ಗತಿಯಾದಾಗ, 1980ರ ಹೊತ್ತಿಗೆ, ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕೋರ್ಸೆಸೆ ಬಾಳುವ ಫಿಲಂ ಕೊಡಿರೆಂದು ಚಳವಳಿಯನ್ನೇ ನಡೆಸಿದರು.

ಪ್ರೊಕುಡಿನ್-ಗೋರ್ಸ್ಕಿಯ ತಟ್ಟೆಗಳು ಇಲ್ಲಿ ಅರ್ಥ ಪಡೆಯುತ್ತವೆ. ಅವುಗಳಲ್ಲಿ ಬಣ್ಣವೇ ಇರಲಿಲ್ಲ, ಬಣ್ಣದ ಲೆಕ್ಕ ಬೆಳ್ಳಿಯಲ್ಲಿತ್ತು. ಆದ್ದರಿಂದ ಅವು ಉಳಿದವು. ದೊಡ್ಡ ಚಿತ್ರನಿರ್ಮಾಣ ಸಂಸ್ಥೆಗಳು ತಮ್ಮ ವರ್ಣಚಿತ್ರಗಳನ್ನು ಮೂರು ಕಪ್ಪು-ಬಿಳುಪು ಪ್ರತಿಗಳಾಗಿ ಒಡೆದು ಕಾಪಿಡುವುದು ಇದೇ ಕಾರಣಕ್ಕೆ. ಬಣ್ಣವನ್ನು ಅತ್ಯಂತ ದೀರ್ಘಕಾಲ ಹಿಡಿದಿಟ್ಟಿರುವುದು ಕಪ್ಪು-ಬಿಳುಪು ಎಂಬ ಸತ್ಯ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ನಿಮ್ಮ ಜೇಬಿನ ಮೊಬೈಲು ಕೂಡ ಆ ಹಳೆಯ ದಾರಿಯಲ್ಲೇ ನಡೆಯುತ್ತದೆ. ಕೊಡಕ್‌ನ ಬ್ರೈಸ್ ಬೇಯರ್ 1976ರಲ್ಲಿ ಹಕ್ಕುಪತ್ರ ಪಡೆದ ವಿನ್ಯಾಸದಲ್ಲಿ ಸಂವೇದಕದ ಪ್ರತಿ ಬಿಂದುವಿನ ಮೇಲೂ ಒಂದೊಂದು ಪುಟ್ಟ ಫಿಲ್ಟರು, ಎರಡು ಹಸಿರಿಗೆ ಒಂದು ಕೆಂಪು, ಒಂದು ನೀಲಿ. ಆಟೋಕ್ರೋಮಿನ ಪಿಷ್ಟದ ಕಣಗಳೇ ಕ್ರಮವಾಗಿ ಸಾಲುಗಟ್ಟಿ ಕುಳಿತಂತಿದೆ. ಒಂದು ಬಿಂದು ಒಂದೇ ಬಣ್ಣದ ಬೆಳಕನ್ನು ಅಳೆಯುತ್ತದೆ, ಮಿಕ್ಕೆರಡನ್ನು ನೆರೆಯ ಬಿಂದುಗಳಿಂದ ಲೆಕ್ಕ ಹಾಕಿ ತುಂಬುತ್ತಾರೆ. ಶರ್ಲಿ ಕಾರ್ಡಿನ ಪ್ರಶ್ನೆಯೂ ಅಲ್ಲಿ ಮುಗಿದಿಲ್ಲ. 2021ರಲ್ಲಿ ಗೂಗಲ್ ತನ್ನ ಫೋನಿನ ಕ್ಯಾಮೆರಾವನ್ನು ಕಪ್ಪು, ಕಂದು ಚರ್ಮದವರಿಗಾಗಿ ಪುನಃ ಹದಗೊಳಿಸಿದ್ದಾಗಿ ಪ್ರಕಟಿಸಬೇಕಾಗಿ ಬಂತು.

ಈ ಸಭೆಯಲ್ಲಿರುವ ವಿದ್ಯಾರ್ಥಿಗಳಲ್ಲಿ, ಗ್ರಂಥಾಲಯದ ಮಿತ್ರರಲ್ಲಿ ಒಂದು ಕೋರಿಕೆಯಿದೆ. ನಮ್ಮ ಪಟ್ಟಣಗಳ ಹಳೆಯ ಸ್ಟುಡಿಯೊಗಳು, ಕಲರ್ ಲ್ಯಾಬುಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಅವುಗಳ ಅಟ್ಟದ ಮೇಲೆ ಲಕೋಟೆಗಳಲ್ಲಿ, ಬಿಸ್ಕತ್ತಿನ ಡಬ್ಬಿಗಳಲ್ಲಿ ನೆಗೆಟಿವ್ವುಗಳಿವೆ. ಕಿತ್ತಳೆ ಬಣ್ಣದ ಆ ಪಟ್ಟಿಗಳಿಗೆ ಬೆಲೆಯಿಲ್ಲವೆಂದು ರದ್ದಿಗೆ ಹಾಕುತ್ತಾರೆ. ಗೋಡೆಗೆ ತೂಗಿದ ಪ್ರಿಂಟಿಗಿಂತ ಕತ್ತಲಲ್ಲಿದ್ದ ನೆಗೆಟಿವ್ವಿನಲ್ಲಿ ಬಣ್ಣ ಸಾಮಾನ್ಯವಾಗಿ ಹೆಚ್ಚು ಉಳಿದಿರುತ್ತದೆ. ಮೂರರಲ್ಲಿ ಒಂದು ದ್ರವ್ಯ ಅಷ್ಟಿಷ್ಟು ಮಾಸಿದ್ದರೂ ಸ್ಕ್ಯಾನ್ ಮಾಡಿ ಸರಿದೂಗಿಸಲು ಸಾಧ್ಯ. ಪೂರ್ತಿ ಹೋದ ಮೇಲೆ ಸಾಧ್ಯವಿಲ್ಲ. ಆದ್ದರಿಂದ ಹಳೆಯ ಚಿತ್ರ ಕೇಳಲು ಹೋದಾಗ ಮೊದಲು ನೆಗೆಟಿವ್ ಕೇಳಿ. ಲಕೋಟೆಯ ಮೇಲಿನ ಊರು, ತಾರೀಖು, ಸಂದರ್ಭಗಳನ್ನು ಬರೆದುಕೊಳ್ಳಿ. ಸ್ಟುಡಿಯೊದ ಹಿರಿಯರು ಇನ್ನೂ ಇದ್ದರೆ ಯಾವ ಫಿಲಂ ಬಳಸಿದಿರಿ, ಎಲ್ಲಿ ತೊಳೆಸಿದಿರಿ, ಹದ ಹೇಗೆ ತಿದ್ದಿದಿರಿ ಎಂದು ಕೇಳಿ ದಾಖಲಿಸಿ. ಈ ಸಂಸ್ಥೆ ಜಿಲ್ಲೆಯ ಮಟ್ಟದಲ್ಲಿ ಇಂಥ ಸಂಗ್ರಹವನ್ನು ಆರಂಭಿಸುವುದಾದರೆ ನನ್ನಲ್ಲಿರುವ ನೆಗೆಟಿವ್ವುಗಳನ್ನು ಮೊದಲ ಕಂತಾಗಿ ಒಪ್ಪಿಸಲು ಸಿದ್ಧನಿದ್ದೇನೆ.